ಬ್ರಾಂಚ್ ಪ್ರಿಡಿಕ್ಟರ್: ಟೇಬಲ್ ದೊಡ್ಡದು ಮಾಡಿದ್ರೆ ಸಾಲದು

ವೈಟ್‌ಫೀಲ್ಡ್‌ನ ಒಂದು ಚಿಪ್ ಕಂಪನಿಯಲ್ಲಿ ನನ್ನದು ಪರ್ಫಾರ್ಮೆನ್ಸ್ ಮಾಡೆಲಿಂಗ್ ಕೆಲಸ. ಇನ್ನೂ ತಯಾರಾಗದ ಪ್ರೊಸೆಸರನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು, ಅದು ಎಷ್ಟು ವೇಗವಾಗಿ ಓಡುತ್ತದೆ ಅಂತ ನೋಡೋದು. ನನ್ನ ಪಾಲಿಗೆ ಬಂದಿದ್ದು ಬ್ರಾಂಚ್ ಪ್ರಿಡಿಕ್ಟರ್.

ಪ್ರೋಗ್ರಾಮ್‌ನಲ್ಲಿ ಇಫ್, ಅಂದರೆ ದಾರಿ ಎರಡಾಗುವ ಬ್ರಾಂಚ್, ಬಂದಾಗ ಪ್ರೊಸೆಸರ್ ಉತ್ತರಕ್ಕೆ ಕಾಯುವುದಿಲ್ಲ. ದಿನಾ ಹತ್ತುವವರಿಗೆ 335ಇ ಬಸ್ಸಿನ ಕಂಡಕ್ಟರ್ ಕೇಳದೇ ಟಿಕೆಟ್ ಕೊಡುತ್ತಾರಲ್ಲ, ಹಾಗೆ ಊಹಿಸಿ ಮುಂದೆ ಹೋಗುತ್ತದೆ; ಆ ಊಹೆ ಮಾಡೋದೇ ಬ್ರಾಂಚ್ ಪ್ರಿಡಿಕ್ಟರ್. ಊಹೆ ತಪ್ಪಿದರೆ ಆಮೇಲಿನ ಕೆಲಸವೆಲ್ಲ ಬಿಸಾಕಬೇಕು. ಇವತ್ತಿನ ದೊಡ್ಡ ಕೋರ್‌ಗಳಲ್ಲಿ ಒಂದು ತಪ್ಪಿಗೆ ಸುಮಾರು 15ರಿಂದ 20 ಕ್ಲಾಕ್ ಸೈಕಲ್ ದಂಡ.

ನಮ್ಮ ಮಾಡೆಲ್‌ನಲ್ಲಿ ಇದ್ದದ್ದು ಟೇಜ್, 2006ರಲ್ಲಿ ಸಂಶೋಧಕರಾದ ಸೆಜ್ನೆಕ್ ಮತ್ತು ಮಿಶೋ ಕೊಟ್ಟ ಊಹೆಯ ವಿಧಾನ. ಕಲಿತದ್ದನ್ನು ಬರೆದಿಡುವ ಹಲವು ಟೇಬಲ್‌ಗಳು, ಒಂದೊಂದೂ ಬೇರೆ ಬೇರೆ ಉದ್ದದ ಹಿಸ್ಟರಿ (ಹಿಂದಿನ ಬ್ರಾಂಚ್‌ಗಳು ಎತ್ತ ತಿರುಗಿದವು ಅನ್ನೋ ದಾಖಲೆ) ನೋಡುತ್ತದೆ. "ಟೇಬಲ್ ಡಬಲ್ ಮಾಡೋಣ" ಅನ್ನೋರೇ ಟೀಮಿನಲ್ಲಿ ಜಾಸ್ತಿ. ನಾನು ಮೊದಲು ಯಾವ ಬ್ರಾಂಚ್ ಎಷ್ಟು ಸಲ ತಪ್ಪುತ್ತಿದೆ ಅಂತ ಪಟ್ಟಿ ತೆಗೆದೆ. ಬೆರಳೆಣಿಕೆಯ ಬ್ರಾಂಚ್‌ಗಳೇ ಬಹುಪಾಲು ತಪ್ಪಿಗೆ ಕಾರಣ. ಟೇಬಲ್ ಡಬಲ್ ಮಾಡಿದರೂ ಅವು ಜಗ್ಗಲಿಲ್ಲ.

ಪಟ್ಟಿಯ ತಲೆಯಲ್ಲಿದ್ದದ್ದನ್ನು ಅಸೆಂಬ್ಲಿ ಕೋಡಿನಲ್ಲಿ ಹುಡುಕಿದೆ. ಒಂದರೊಳಗೊಂದು ಎರಡು ಲೂಪ್. ಒಳಗಿನ ಲೂಪ್‌ನಲ್ಲಿ, ಅರೇಯ (ಬೆಲೆಗಳ ಸಾಲಿನ) ಜೆ-ನೇ ಅಂಶ ಸೊನ್ನೆಯೇ ಅಂತ ಒಂದು ಇಫ್; ಜೆ ಅಂದರೆ ಒಳಗಿನ ಲೂಪಿನ ಎಷ್ಟನೇ ಸುತ್ತು ಅನ್ನೋದು. ಹೊರಗಿನ ಲೂಪ್ ಎಷ್ಟು ಸುತ್ತಿದರೂ ಆ ಅರೇ ಬದಲಾಗುವುದಿಲ್ಲ. ಅಂದ್ರೆ ಜೆ ಗೊತ್ತಿದ್ದರೆ ಉತ್ತರವೂ ಗೊತ್ತು, ಅಲ್ವಾ? ಆದರೆ ಅದರ ಪಕ್ಕದಲ್ಲೇ, ಡೇಟಾ ನೋಡಿ ಮನಸ್ಸು ಬಂದ ಕಡೆ ತಿರುಗುವ ಇನ್ನೊಂದು ಇಫ್ ಇತ್ತು. ಅದು ಹಿಸ್ಟರಿಯನ್ನೆಲ್ಲ ಕಲಸಿಬಿಡುತ್ತಿತ್ತು. ಪ್ರತಿ ಸಲ ಹೊಸ ಹಿಸ್ಟರಿ, ಹೊಸ ಎಂಟ್ರಿ. ಟೇಜ್ ಕಲಿಯೋದಾದರೂ ಹೇಗೆ?

ಇದಕ್ಕೆ ಮದ್ದು 2015ರಲ್ಲೇ ಬಂದಿದೆ: ಐಎಂಎಲ್‌ಐ ಕೌಂಟರ್, ಅಂದರೆ ತೀರಾ ಒಳಗಿನ ಲೂಪ್ ಎಷ್ಟನೇ ಸುತ್ತಿನಲ್ಲಿದೆ ಅಂತ ಎಣಿಸುವ ಕೌಂಟರ್. ಲೂಪಿನ ತುದಿಯಿಂದ ಹಿಂದಕ್ಕೆ ಜಿಗಿಯುವ ಕಂಡೀಷನಲ್ ಬ್ರಾಂಚ್ ಟೇಕನ್ ಆದರೆ (ಅಂದರೆ ಜಿಗಿದರೆ) ಕೌಂಟರ್‌ಗೆ ಒಂದು ಕೂಡು, ಆಗದಿದ್ದರೆ ಸೊನ್ನೆ ಮಾಡು. ಅಷ್ಟೇ. ಈ ಕೌಂಟರ್ ಮತ್ತು ಬ್ರಾಂಚಿನ ಅಡ್ರೆಸ್ ಎರಡನ್ನೂ ಹ್ಯಾಷ್ ಮಾಡಿ (ಬೆರೆಸಿ ಒಂದೇ ಸಂಖ್ಯೆ ಮಾಡಿ) ಓದುವ ಸಣ್ಣ ಟೇಬಲ್ ಒಂದನ್ನು, ಟೇಜ್‌ನ ಊಹೆಯನ್ನು ಬೇಕಾದಾಗ ತಿದ್ದುವ ಸ್ಟ್ಯಾಟಿಸ್ಟಿಕಲ್ ಕರೆಕ್ಟರ್‌ಗೆ ಸೇರಿಸಿದೆ. ಆ ಬ್ರಾಂಚ್ ಪಟ್ಟಿಯಿಂದಲೇ ಮಾಯವಾಯಿತು. ಇಂಥ ಲೂಪ್ ಇಲ್ಲದ ಟ್ರೇಸ್‌ಗಳಲ್ಲಿ (ಪ್ರೋಗ್ರಾಮ್ ಓಡಿದ ದಾಖಲೆಗಳಲ್ಲಿ) ಹೆಚ್ಚೇನೂ ಬದಲಾಗಲಿಲ್ಲ, ಅದು ನಿರೀಕ್ಷಿತವೇ.

"ಗುರು, ಏರಿಯಾ ಎಷ್ಟು ತಿನ್ನುತ್ತೆ?" ಅಂತ ಆರ್‌ಟಿಎಲ್, ಅಂದರೆ ನಿಜವಾದ ಸರ್ಕ್ಯೂಟಿನ ವಿನ್ಯಾಸ ಬರೆಯುವ ಗೆಳೆಯ, ಚಿಪ್ಪಿನ ಜಾಗದ ಚಿಂತೆಯಲ್ಲಿ ಮುಖ ಗಂಟಿಕ್ಕಿದ. ಅದೂ ಟೇಬಲ್ಲಿನದ್ದಲ್ಲ, ಊಹೆ ತಪ್ಪಿದಾಗ ಹಳೇ ಸ್ಥಿತಿಗೆ ಮರಳುವುದರದ್ದು. ಪ್ರತಿ ಬ್ರಾಂಚ್ ಜೊತೆ ಕೌಂಟರಿನ ಬೆಲೆಯನ್ನೂ ಉಳಿಸಿಡಬೇಕು. ಹತ್ತು ಬಿಟ್ ಸಾಕು ಅಂದಾಗ ಸುಮ್ಮನಾದ.

ಈಗ ಪಟ್ಟಿಯ ಮೇಲಿರೋದು ಆ ಡೇಟಾ ನೋಡಿ ತಿರುಗುವ ಇಫ್. ಅದಕ್ಕೆ ಯಾವ ಹಿಸ್ಟರಿಯೂ ನೆರವಾಗಲ್ಲ. ಕಂಪೈಲರ್‌ನವರು ಬ್ರಾಂಚ್ ತೆಗೆದು ಕಂಡೀಷನಲ್ ಮೂವ್ (ಜಿಗಿಯದೇ ಎರಡರಲ್ಲೊಂದು ಬೆಲೆ ಆರಿಸುವ ಸೂಚನೆ) ಹಾಕಲಿ ಅಂತ ಅವರಿಗೆ ಕೆಲಸದ ಟಿಕೆಟ್ ಎತ್ತಿದ್ದೇನೆ.