ರಾತ್ರಿಗಳನ್ನು ಬರೆದಿಟ್ಟೆ: ಬೆಡ್‌ರೂಮ್ ಟ್ಯಾಕ್ಸ್ ಜೊತೆ ನಮ್ಮ ಏಳು ವರ್ಷ

2013ರ ಫೆಬ್ರವರಿ ಕೊನೆಯಲ್ಲಿ ಆ ಕಾಗದ ಬಂತು. ಇವರಿಗೆ ಬೆಳಗಿನ ಗಂಜಿ ಕುಡಿಸುತ್ತಿದ್ದೆ, ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಕಾಗದ. ನಿಮ್ಮ ಮನೆಯಲ್ಲಿ ಎರಡು ಬೆಡ್‌ರೂಮ್ ಇವೆ, ಗಂಡ ಹೆಂಡತಿಗೆ ಬೇಕಾಗಿರುವುದು ಒಂದೇ, ಹಾಗಾಗಿ ಏಪ್ರಿಲ್ 1ರಿಂದ ನಿಮ್ಮ ಹೌಸಿಂಗ್ ಬೆನಿಫಿಟ್‌ನಲ್ಲಿ, ಅಂದರೆ ಬಾಡಿಗೆಗೆ ಸರ್ಕಾರ ಕೊಡುವ ನೆರವಿನಲ್ಲಿ, ಬಾಡಿಗೆಯ ಶೇ. 14ರಷ್ಟು ಕಡಿಮೆ ಆಗುತ್ತದೆ ಅಂತ ಬರೆದಿತ್ತು. ನಮ್ಮ ಬಾಡಿಗೆ ಆಗ ವಾರಕ್ಕೆ 95 ಪೌಂಡ್. ಅಂದರೆ ವಾರಕ್ಕೆ 13 ಪೌಂಡ್ 30 ಪೆನ್ಸ್ ನಾವು ಕೈಯಿಂದ ಹಾಕಬೇಕು. ಇವರನ್ನು ನೋಡಿಕೊಳ್ಳುವುದಕ್ಕೆ ನನಗೆ ಬರುತ್ತಿದ್ದ ಕೇರರ್ಸ್ ಅಲವೆನ್ಸ್ ವಾರಕ್ಕೆ 59 ಪೌಂಡ್ 75 ಪೆನ್ಸ್. ಲೆಕ್ಕ ನೀವೇ ಹಾಕಿ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದು ಅರ್ಥವೇ ಆಗಲಿಲ್ಲ. "ಒಂದು ಕೋಣೆ ಜಾಸ್ತಿ ಇದ್ದರೆ ದಂಡ ಹಾಕ್ತಾರೇನೇ?" ಅಂದರು. ತಿಪಟೂರಿನ ನಮ್ಮ ಮನೆಯಲ್ಲಿ ಕೋಣೆ ಲೆಕ್ಕ ಹಾಕಿದವರೇ ಇಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕೊಟ್ಟ ಮನೆ ಅಥವಾ ಕಡಿಮೆ ಬಾಡಿಗೆಗೆ ಮನೆ ಕೊಡುವ ಹೌಸಿಂಗ್ ಅಸೋಸಿಯೇಷನ್ ಮನೆಯಲ್ಲಿದ್ದು, ಪಿಂಚಣಿ ವಯಸ್ಸು ದಾಟದೆ ಇದ್ದು, ಹೌಸಿಂಗ್ ಬೆನಿಫಿಟ್ ತೆಗೆದುಕೊಳ್ಳುವವರಿಗೆ 2012ರ ಕಾಯ್ದೆಯಿಂದ ಈ ಲೆಕ್ಕ ಶುರುವಾಯಿತು. ಒಂದು ಕೋಣೆ ಜಾಸ್ತಿಯಾದರೆ ಬಾಡಿಗೆಯ ಶೇ. 14, ಎರಡೋ ಅದಕ್ಕಿಂತ ಹೆಚ್ಚೋ ಆದರೆ ಶೇ. 25 ಕಡಿತ. ಸರ್ಕಾರ ಇದಕ್ಕೆ ಬೇರೆ ಹೆಸರು ಇಟ್ಟಿದೆ, ಜನ ಕರೆಯುವುದು ಬೆಡ್‌ರೂಮ್ ಟ್ಯಾಕ್ಸ್ ಅಂತಲೇ. ಶುರುವಿನಲ್ಲಿ ಸರ್ಕಾರದ ಸ್ವಂತ ಅಂದಾಜೇ ಸುಮಾರು 6 ಲಕ್ಷ 60 ಸಾವಿರ ಮನೆಗಳಿಗೆ ಇದು ತಟ್ಟುತ್ತದೆ ಅಂತಿತ್ತು, ಅದರಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಅಂಗವಿಕಲರಿರುವ ಮನೆಗಳು. ಗೊತ್ತಿದ್ದೇ ಮಾಡಿದ್ದಾರೆ ಅನ್ನುವುದೇ ನನಗೆ ಇವತ್ತಿಗೂ ನೋವು.

ಇವರಿಗೆ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಕಾಯಿಲೆ. 2004ರಲ್ಲಿ ಗೊತ್ತಾಯಿತು. 2009ರಲ್ಲಿ ಹೌಸಿಂಗ್ ಅಸೋಸಿಯೇಷನ್‌ನವರು ಈ ಮನೆ ಕೊಟ್ಟರು. ಬಾಗಿಲಿಗೆ ರ‍್ಯಾಂಪ್, ಗಾಲಿಕುರ್ಚಿ ಸಮೇತ ಒಳಗೆ ಹೋಗುವ ಹಾಗೆ ಸ್ನಾನದ ಮನೆ, ಇವರ ಮಂಚದ ಮೇಲೆ ಸೀಲಿಂಗ್‌ಗೆ ಇವರನ್ನು ಎತ್ತುವ ಯಂತ್ರ, ಅಂದರೆ ಹಾಯ್ಸ್ಟ್, ಎಲ್ಲ ಮಾಡಿಸಿದ್ದು ಸರ್ಕಾರದ ದುಡ್ಡಿನಲ್ಲೇ. ಈಗ "ಚಿಕ್ಕ ಮನೆಗೆ ಹೋಗಿ" ಅಂದರೆ ಅದನ್ನೆಲ್ಲ ಕಿತ್ತು ಇನ್ನೊಂದು ಕಡೆ ಮತ್ತೆ ಮಾಡಿಸಬೇಕು. ಅದೂ ಅಂಥ ಮನೆ ಖಾಲಿ ಇದ್ದರೆ ತಾನೇ? ವಿಚಾರಿಸಿದೆ. ನಾವಿರುವ ಈ ಊರಿನಲ್ಲಿ ನೆಲಮಟ್ಟದಲ್ಲಿ ಹಾಯ್ಸ್ಟ್ ಹಾಕಬಹುದಾದ ಒಂದು ಬೆಡ್‌ರೂಮಿನ ಮನೆ ಒಂದೂ ಖಾಲಿ ಇರಲಿಲ್ಲ.

ಮೊದಲ ಎರಡು ವಾರ ನಾನು ಮಾಡಿದ್ದು ತಪ್ಪು. ಫೋನ್ ಮಾಡಿ ಅತ್ತೆ. ಕೌನ್ಸಿಲ್‌ನಲ್ಲಿ ಫೋನ್ ಎತ್ತಿದ ಹುಡುಗಿ ಕೆಟ್ಟವಳೇನಲ್ಲ, ಸಮಾಧಾನವಾಗಿಯೇ ಮಾತಾಡಿದಳು. ಆದರೆ ಅವಳ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ: ರಾತ್ರಿ ಹೊರಗಿನಿಂದ ಕೇರರ್ ಬಂದು ಮಲಗುತ್ತಾರಾ? ಇಲ್ಲ, ನಾನೇ ನೋಡಿಕೊಳ್ಳುತ್ತೇನೆ ಅಂದೆ. ಹಾಗಾದರೆ ಎರಡನೇ ಕೋಣೆ ಲೆಕ್ಕಕ್ಕೆ ಬರುವುದಿಲ್ಲ ಅಂದಳು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ರಾತ್ರಿ ನೋಡಿಕೊಳ್ಳಲು ಹೊರಗಿನವರು ಬಂದರೆ ಅವರಿಗೆ ಒಂದು ಕೋಣೆ ಉಂಟು ಅಂತ ನಿಯಮ ಇತ್ತು. ಅದೇ ಕೆಲಸವನ್ನು ಅದೇ ಮನೆಯ ಹೆಂಡತಿ ಮಾಡಿದರೆ ಕೋಣೆ ಇಲ್ಲ. ಹೊರಗಿನವರು ಬಂದರೆ ಅವರ ಸಂಬಳದ ಖರ್ಚು ಬೀಳುವುದು ಅದೇ ಕೌನ್ಸಿಲ್‌ಗೆ.

ಆಮೇಲೆ ಪರಿಚಯದವರೊಬ್ಬರು ಹೇಳಿದ್ದರಿಂದ ಉಚಿತವಾಗಿ ಸಲಹೆ ಕೊಡುವ ಕೇಂದ್ರಕ್ಕೆ ಹೋದೆ. ಅಲ್ಲಿ ಸಿಕ್ಕಿದ ಹಿರಿಯ ಹೆಂಗಸು ನನ್ನ ಕಥೆ ಅರ್ಧದಲ್ಲೇ ನಿಲ್ಲಿಸಿ ಕೇಳಿದ್ದು ಇದು: "ಆ ಎರಡನೇ ಕೋಣೆಯಲ್ಲಿ ಏನಿದೆ?" ಅಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಇವರ ಕಾಯಿಲೆ ಎಷ್ಟು ಜಾಸ್ತಿ ಅಂತಲೇ ಹೇಳುತ್ತಿದ್ದೆ. ಕಾಯಿಲೆ ಅವರಿಗೆ ಗೊತ್ತೇ ಇತ್ತು. ಗೊತ್ತಿಲ್ಲದಿದ್ದದ್ದು ಕೋಣೆ.

ಅವತ್ತು ಸಂಜೆ ಟೇಪು ಹಿಡಿದು ಅಳೆದೆ. ಇವರ ಕೋಣೆ 12 ಅಡಿ ಉದ್ದ, 11 ಅಡಿ ಅಗಲ. ಮಂಚ ಮೇಲೆ ಕೆಳಗೆ ಆಗುವ ಆಸ್ಪತ್ರೆ ಥರದ್ದು, ಒಬ್ಬರಿಗೆ ಮಾತ್ರ. ಮೇಲೆ ಗಾಳಿ ಹಾಸಿಗೆ, ಬೆನ್ನು ಹುಣ್ಣಾಗದ ಹಾಗೆ ಅದರ ಪಂಪು ಇಡೀ ರಾತ್ರಿ ಗೊರ್ ಅನ್ನುತ್ತಿರುತ್ತದೆ. ಹಾಯ್ಸ್ಟ್‌ನಲ್ಲಿ ಎತ್ತಿ ಕುರ್ಚಿಗೆ ಕೂರಿಸಲು ಮಂಚದ ಒಂದು ಪಕ್ಕ ಐದು ಅಡಿ ಖಾಲಿ ಬೇಕು, ಇನ್ನೊಂದು ಪಕ್ಕ ನಾನು ನಿಲ್ಲಲು ಜಾಗ ಬೇಕು. ಇನ್ನೊಂದು ಮಂಚ ಹಾಕಿದರೆ ಹಾಯ್ಸ್ಟ್ ಓಡುವುದಿಲ್ಲ. ಎರಡನೇ ಕೋಣೆ 8 ಅಡಿಗೆ ಏಳೂವರೆ. ಅದರಲ್ಲಿ ನನ್ನ ಒಂಟಿ ಮಂಚ, ಕಿಟಕಿ ಕೆಳಗೆ ಸೊಂಟದೆತ್ತರಕ್ಕೆ ಪ್ಯಾಡಿನ ಪೆಟ್ಟಿಗೆಗಳು, ಬಾಗಿಲ ಹಿಂದೆ ಹಾಯ್ಸ್ಟ್‌ನ ಜೋಲಿಗಳು, ಮೂಲೆಯಲ್ಲಿ ಸ್ನಾನದ ಕುರ್ಚಿ. ಬೀರು ತೆಗೆಯಬೇಕೆಂದರೆ ಮೊದಲು ಕುರ್ಚಿ ಹೊರಗೆ ತಳ್ಳಬೇಕು. ಅದು ಕೌನ್ಸಿಲ್ ಪಟ್ಟಿಯಲ್ಲಿ ಖಾಲಿ ಕೋಣೆ.

ಅಳತೆ ಬರೆದೆ, ಫೋಟೋ ತೆಗೆದೆ. ಆಮೇಲೆ ಆ ಸಲಹೆಗಾರ್ತಿ ಹೇಳಿದ ಹಾಗೆ ನಾಲ್ಕು ವಾರ ರಾತ್ರಿಗಳನ್ನು ಬರೆದಿಟ್ಟೆ. ಇದೇ ನಮ್ಮನ್ನು ಕಾಪಾಡಿದ್ದು, ಅದಕ್ಕೇ ಒಂದು ರಾತ್ರಿಯದ್ದನ್ನು ಇಲ್ಲಿ ಹಾಕುತ್ತೇನೆ:

"11:30 ಮಲಗಿಸಿದೆ. 1:20 ಎಡಕ್ಕೆ ಹೊರಳಿಸಿದೆ. 1:45 ಕಾಲಿನ ಸೆಳೆತ, ಹತ್ತು ನಿಮಿಷ ಹಿಡಿದುಕೊಂಡೆ, ಮೊಣಕಾಲು ನನ್ನ ಪಕ್ಕೆಗೆ ಬಡಿಯಿತು. 2:00 ನನ್ನ ಕೋಣೆಗೆ ಬಂದೆ. 3:40 ಪ್ಯಾಡ್, ಶೀಟು ಬದಲು. 4:15 ಮತ್ತೆ ನನ್ನ ಕೋಣೆ. 6:10 ಎದ್ದೆ."

ಕನ್ನಡದಲ್ಲೇ ಬರೆದೆ, ನಿದ್ದೆಗಣ್ಣಿನಲ್ಲಿ ಇಂಗ್ಲಿಷ್ ಬರುತ್ತಿರಲಿಲ್ಲ. ಆಮೇಲೆ ಮಗ ಕೂತು ಇಂಗ್ಲಿಷಿಗೆ ಟೈಪ್ ಮಾಡಿದ. ಅವನು ಆಗ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದ. ಟೈಪ್ ಮಾಡುತ್ತಾ ಮಾಡುತ್ತಾ ಸುಮ್ಮನಾಗಿಬಿಟ್ಟ. "ಅಮ್ಮಾ, ಇದೆಲ್ಲ ನೀನು ನಂಗೆ ಹೇಳೇ ಇಲ್ವಲ್ಲ" ಅಂದ.

ಡಾಕ್ಟರ ಕಾಗದದ ಬಗ್ಗೆ ಒಂದು ಮಾತು. ಮೊದಲು ತಂದ ಕಾಗದದಲ್ಲಿ ಎರಡೇ ಸಾಲು: ಇವರಿಗೆ ಎಂಎಸ್ ಇದೆ, ಆರೈಕೆ ಬೇಕು. ಅದರಿಂದ ಏನೂ ಉಪಯೋಗ ಆಗಲಿಲ್ಲ. ಎರಡನೇ ಸಲ ನಾನು ನನ್ನ ಅಳತೆ ಮತ್ತು ರಾತ್ರಿಯ ಪಟ್ಟಿ ಎರಡನ್ನೂ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಅಂಗವಿಕಲರಿಗೆ ಮನೆಯಲ್ಲಿ ಏನೇನು ಅನುಕೂಲ ಬೇಕು ಅಂತ ನೋಡಿ ಹೇಳುವವರ ಕೈಗೆ ಕೊಟ್ಟು, "ಇಬ್ಬರು ಒಂದೇ ಕೋಣೆಯಲ್ಲಿ ಯಾಕೆ ಮಲಗಲು ಆಗುವುದಿಲ್ಲ, ಅಷ್ಟು ಮಾತ್ರ ಬರೆದುಕೊಡಿ" ಅಂದೆ. ಆಕೆ ಮನೆಗೆ ಬಂದು ನೋಡಿ ಒಂದೂವರೆ ಪುಟ ಬರೆದುಕೊಟ್ಟರು. ಹಾಸಿಗೆ ಒಬ್ಬರಿಗೆ ಮಾತ್ರ ಮಾಡಿದ್ದು, ಸೆಳೆತದಿಂದ ಪಕ್ಕದಲ್ಲಿ ಮಲಗಿದವರಿಗೆ ಪೆಟ್ಟಾಗುತ್ತದೆ, ಆರೈಕೆ ಮಾಡುವವರಿಗೆ ನಡುವೆ ಎರಡು ಗಂಟೆಯಾದರೂ ನಿದ್ದೆ ಇಲ್ಲದಿದ್ದರೆ ಈ ವ್ಯವಸ್ಥೆಯೇ ಕುಸಿಯುತ್ತದೆ ಅಂತ. "ಹೇಗೂ ರಾತ್ರಿ ಎದ್ದು ಹೋಗುತ್ತೀರಲ್ಲ, ಅಲ್ಲೇ ಮಲಗಬಹುದಲ್ಲ" ಅಂತ ಮುಂದೆ ಯಾರಾದರೂ ಕೇಳಿದರೆ ಉತ್ತರ ಅದರಲ್ಲೇ ಇತ್ತು. ಕೇಳಿಯೂ ಕೇಳಿದರು.

ತೀರ್ಮಾನದ ಕಾಗದದ ಮೇಲಿರುವ ತಾರೀಖಿನಿಂದ ಒಂದು ತಿಂಗಳೊಳಗೆ ಅಪೀಲು ಹಾಕಬೇಕು. ನಾನು 26ನೇ ದಿನ ಹಾಕಿದೆ, ಖುದ್ದಾಗಿ ಹೋಗಿ ರಸೀದಿ ತೆಗೆದುಕೊಂಡೆ. ಅದೇ ದಿನ ಡಿಎಚ್‌ಪಿಗೂ ಅರ್ಜಿ ಕೊಟ್ಟೆ. ಡಿಸ್ಕ್ರೀಷನರಿ ಹೌಸಿಂಗ್ ಪೇಮೆಂಟ್, ಕೌನ್ಸಿಲ್ ಮನಸ್ಸು ಮಾಡಿದರೆ ಬಾಡಿಗೆಯ ಕೊರತೆ ತುಂಬಿಕೊಡುತ್ತಿದ್ದ ದುಡ್ಡು. ಮನೆಯನ್ನೇ ಅಂಗವಿಕಲರಿಗಾಗಿ ಬದಲಾಯಿಸಿರುವವರಿಗೆ ಅಂತ ಸರ್ಕಾರ ಆ ವರ್ಷ ಇದರಲ್ಲಿ 2.5 ಕೋಟಿ ಪೌಂಡ್ ಬೇರೆ ಇಟ್ಟಿತ್ತು. ನಮಗೆ ಆರು ತಿಂಗಳಿಗೆ ಸಿಕ್ಕಿತು. ಆಮೇಲೆ ಮತ್ತೆ ಅರ್ಜಿ, ಮತ್ತೆ ಖರ್ಚಿನ ಪಟ್ಟಿ. ಆರು ತಿಂಗಳಿಗೊಮ್ಮೆ ನಮ್ಮ ಅಕ್ಕಿ ಬೇಳೆ, ಹೀಟಿಂಗ್ ಬಿಲ್ಲು, ಎಲ್ಲವನ್ನೂ ಅಪರಿಚಿತರ ಮುಂದೆ ಹರಡಿ ಕೂರಬೇಕು. ಮೂರನೇ ಸಲ ಕೊಡಲಿಲ್ಲ. ಇವರಿಗೆ ಬರುತ್ತಿದ್ದ ಡಿಎಲ್‌ಎ, ಅಂದರೆ ಅಂಗವಿಕಲರಿಗೆ ಕೊಡುವ ಭತ್ಯೆಯ ದುಡ್ಡನ್ನು ಆದಾಯ ಅಂತ ಹಿಡಿದು, ನಿಮ್ಮ ಹತ್ತಿರ ಉಳಿಯುತ್ತಿದೆಯಲ್ಲ ಅಂದರು. ಆರೈಕೆಗೆ ಕೊಟ್ಟ ದುಡ್ಡು ಅದು, ಬಾಡಿಗೆಗಲ್ಲ. 2015ರಲ್ಲಿ ಹಾರ್ಡಿ ಅನ್ನುವವರ ಕೇಸಿನಲ್ಲಿ ಹೈಕೋರ್ಟ್ ಇದನ್ನೇ ಹೇಳಿತು, ಡಿಎಲ್‌ಎಯ ಆರೈಕೆಯ ಭಾಗವನ್ನು ಕಣ್ಣುಮುಚ್ಚಿ ಆದಾಯಕ್ಕೆ ಸೇರಿಸುವುದು ಕಾನೂನಿಗೆ ವಿರುದ್ಧ ಅಂತ. ಆ ತೀರ್ಪಿನ ಪ್ರತಿ ಲಗತ್ತಿಸಿ ಮುಂದಿನ ಅರ್ಜಿ ಹಾಕಿದೆ, ಸಿಕ್ಕಿತು. ನಡುವೆ ಸುಮಾರು ಎಂಟು ತಿಂಗಳು ಕೈಯಿಂದ ಕಟ್ಟಿದೆವು. ಆ ಚಳಿಗಾಲ ಇವರ ಕೋಣೆಗೆ ಮಾತ್ರ ಹೀಟಿಂಗ್ ಹಾಕುತ್ತಿದ್ದೆ. ಆದರೆ ಬಾಡಿಗೆ ಮಾತ್ರ ಒಂದು ವಾರವೂ ಬಾಕಿ ಬಿಡಲಿಲ್ಲ. ಬಾಕಿ ಬಿದ್ದರೆ ಮನೆ ಬಿಡಿಸುವ ನೋಟಿಸಿನ ದಾರಿ ಶುರುವಾಗುತ್ತದೆ, ಅಪೀಲು ನಡೆಯುತ್ತಿದೆ ಅಂತ ಅದು ತಾನಾಗಿ ನಿಲ್ಲುವುದಿಲ್ಲ.

ಸ್ಕಾಟ್‌ಲೆಂಡಿನಲ್ಲಿ ಇದ್ದಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ಅಲ್ಲಿನ ಸರ್ಕಾರ 2014ರಿಂದ ಈ ಕಡಿತವನ್ನು ಡಿಎಚ್‌ಪಿ ಮೂಲಕ ತುಂಬಿಕೊಡುತ್ತಾ ಬಂದಿದೆ.

ನಮ್ಮ ಅಪೀಲು ವರ್ಷಗಟ್ಟಲೆ ಅಲ್ಲೇ ನಿಂತಿತು. ದೊಡ್ಡ ಕೇಸೊಂದು ಮೇಲಿನ ಕೋರ್ಟಿನಲ್ಲಿದೆ, ಅದು ಮುಗಿಯಲಿ ಅಂತ ತಡೆಹಿಡಿದರು. ಸೌತ್‌ಪೋರ್ಟ್‌ನ ಜ್ಯಾಕ್ವೆಲಿನ್ ಕಾರ್ಮೈಕಲ್ ಅವರ ಕೇಸು ಅದು. ಆಕೆಗೆ ಸ್ಪೈನಾ ಬೈಫಿಡಾ, ಅಂದರೆ ಹುಟ್ಟಿನಿಂದಲೇ ಇರುವ ಬೆನ್ನುಹುರಿಯ ತೊಂದರೆ, ಗಂಡನೊಂದಿಗೆ ಒಂದೇ ಕೋಣೆಯಲ್ಲಿ ಮಲಗಲು ಆಗುವುದಿಲ್ಲ. ನಮ್ಮದೇ ಕಥೆ. 2016ರ ನವೆಂಬರ್ 9ರಂದು ಸುಪ್ರೀಂ ಕೋರ್ಟಿನ ಏಳೂ ನ್ಯಾಯಾಧೀಶರು ಆಕೆಯ ಪರ ಹೇಳಿದರು. ಜೊತೆಗೆ ಪೆಂಬ್ರೋಕ್‌ಶೈರ್‌ನ ರುದರ್‌ಫರ್ಡ್ ಕುಟುಂಬವೂ ಗೆದ್ದಿತು, ಅವರ ಮನೆಯಲ್ಲಿ ಅಂಗವಿಕಲ ಮೊಮ್ಮಗನಿಗೆ ರಾತ್ರಿ ಕೇರರ್ ಬರುತ್ತಿದ್ದರು. ಆಗಿನ ನಿಯಮ ಎಷ್ಟು ವಿಚಿತ್ರ ಅಂದರೆ, ದೊಡ್ಡವರಿಗೆ ರಾತ್ರಿ ಕೇರರ್ ಬಂದರೆ ಕೋಣೆ ಉಂಟು, ಮಗುವಿಗೆ ಬಂದರೆ ಇಲ್ಲ. ಮಗುವಿಗೆ ಇನ್ನೊಂದು ಮಗುವಿನ ಜೊತೆ ಮಲಗಲು ಆಗದಿದ್ದರೆ ಕೋಣೆ ಉಂಟು, ಗಂಡ ಹೆಂಡತಿಗೆ ಆಗದಿದ್ದರೆ ಇಲ್ಲ. ಅದೇ ದಿನ ಸೋತವರೂ ಇದ್ದಾರೆ. ಮನೆಯನ್ನು ತಮಗಾಗಿ ಬದಲಾಯಿಸಿಕೊಂಡಿದ್ದವರು, ಅಂಗವಿಕಲ ಮಗಳ ಜೊತೆ ಅಂಥ ಮನೆಯಲ್ಲಿದ್ದ ತಾಯಿ. ಇನ್ನೊಂದು ಕೋಣೆಯೇ ಬೇಕು ಅನ್ನುವಂಥ ಅಗತ್ಯ ಇಲ್ಲ, ಡಿಎಚ್‌ಪಿ ಕೇಳಿಕೊಳ್ಳಿ ಅಂತ ಅವರಿಗೆ ಹೇಳಿದರು. ರ‍್ಯಾಂಪ್ ಹಾಕಿಸಿದ ಮನೆಯನ್ನೇ ಬಿಟ್ಟು ಹೋಗಿ ಅನ್ನುವುದು ಯಾವ ನ್ಯಾಯ? ನನಗೆ ಅದನ್ನು ಒಪ್ಪಲು ಇವತ್ತಿಗೂ ಆಗಿಲ್ಲ.

2017ರ ಏಪ್ರಿಲ್ 1ರಿಂದ ನಿಯಮ ಬದಲಾಯಿತು. ಅಂಗವೈಕಲ್ಯದಿಂದ ಒಂದೇ ಕೋಣೆಯಲ್ಲಿ ಮಲಗಲು ಆಗದ ದಂಪತಿಗೆ ಇನ್ನೊಂದು ಕೋಣೆ ಲೆಕ್ಕಕ್ಕೆ ಬಂತು. ಇಲ್ಲಿ ಒಂದು ವಿಷಯ: ಅದು ತಾನಾಗಿ ಸಿಗುವುದಿಲ್ಲ. ಆರೈಕೆಯ ಭತ್ಯೆ, ಅಂದರೆ ಡಿಎಲ್‌ಎ ಅಥವಾ ಅದರ ಬದಲು ಬಂದ ಪಿಐಪಿ, ಬರುತ್ತಿರಬೇಕು, ಜೊತೆಗೆ ಒಟ್ಟಿಗೆ ಮಲಗಲು ಯಾಕೆ ಆಗುವುದಿಲ್ಲ ಅಂತ ಕೌನ್ಸಿಲ್‌ಗೆ ಮನವರಿಕೆ ಆಗಬೇಕು. ನಾನು ಆ ಹಳೆಯ ಒಂದೂವರೆ ಪುಟ, ಹೊಸದಾಗಿ ಬರೆದ ಎರಡು ವಾರದ ರಾತ್ರಿಗಳು ಎರಡನ್ನೂ ಕಳಿಸಿದೆ. ಮೂರು ವಾರದಲ್ಲಿ ಕಡಿತ ನಿಂತಿತು.

ಹಾಗಾದರೆ 2013ರಿಂದ 2017ರ ತನಕದ್ದು? ಅದು ಹಳೆಯ ನಿಯಮ, ಅದನ್ನು ನಾವು ಮುಟ್ಟುವ ಹಾಗಿಲ್ಲ ಅಂದರು. ಎಷ್ಟೋ ಜನ ಅಲ್ಲಿಗೆ ಕೈಬಿಟ್ಟರು. ಇವರು ಕೂಡ "ಸಾಕು ಬಿಡೇ, ಇನ್ನೆಷ್ಟು ಓಡಾಡ್ತೀಯ" ಅಂದರು. ನಾನು ಅಪೀಲು ವಾಪಸ್ ತೆಗೆದುಕೊಳ್ಳಲಿಲ್ಲ, ಅಷ್ಟೇ ನಾನು ಮಾಡಿದ ಬುದ್ಧಿವಂತಿಕೆ. 2019ರ ನವೆಂಬರ್ 13ರಂದು ಆರ್‌ಆರ್ ಅನ್ನುವ ಹೆಸರಿನಲ್ಲಿ ನಡೆದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ತಾರತಮ್ಯ ಅಂತ ಆಗಲೇ ತೀರ್ಮಾನ ಆಗಿರುವ ನಿಯಮವನ್ನು ಕೌನ್ಸಿಲ್ ಆಗಲಿ ಅಪೀಲು ಕೇಳುವ ಟ್ರಿಬ್ಯುನಲ್ ಆಗಲಿ ಜಾರಿ ಮಾಡುವ ಹಾಗಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. 2020ರ ಶುರುವಿನಲ್ಲಿ ನಾವು ಕೈಯಿಂದ ಕಟ್ಟಿದ ವಾರಗಳ ದುಡ್ಡು ಬಾಡಿಗೆ ಖಾತೆಗೆ ಬಂತು. ಕಾಗದವನ್ನು ಇವರ ಕಣ್ಣಿನ ಹತ್ತಿರ ಹಿಡಿದೆ. ಮಾತು ಆಗಲೇ ಕಡಿಮೆಯಾಗಿತ್ತು. ತುಂಬ ಹೊತ್ತು ಓದಿದರು.

ಈಗ ನಾನು ಅದೇ ಸಲಹಾ ಕೇಂದ್ರದಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಕೂರುತ್ತೇನೆ. ಬರುವವರಲ್ಲಿ ಗುಜರಾತಿ, ಪಂಜಾಬಿ ಹೆಂಗಸರು ಜಾಸ್ತಿ, ಒಮ್ಮೆ ಮಂಗಳೂರಿನ ಕಡೆಯವರೊಬ್ಬರು ಬಂದಿದ್ದರು. ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತೇವೆ ಅಂತ ಹೇಳುವುದಕ್ಕೇ ಎಲ್ಲರಿಗೂ ನಾಚಿಕೆ. ಆಫೀಸಿನವರು ಏನಂದುಕೊಳ್ಳುತ್ತಾರೋ, ನಂಟರಿಗೆ ಗೊತ್ತಾದರೆ ಏನೋ ಅಂತ. ಆ ಮಂಗಳೂರಿನ ಅಕ್ಕ ಅರ್ಧ ಗಂಟೆ ಬೇರೆಲ್ಲ ಮಾತಾಡಿ ಕೊನೆಗೆ ಮೆಲ್ಲಗೆ ಹೇಳಿದರು, ನಾನು ಹಾಲಿನಲ್ಲಿ ಸೋಫಾ ಮೇಲೆ ಮಲಗುವುದು ಅಂತ. ಎರಡನೇ ಕೋಣೆಯ ತುಂಬ ಗಂಡನ ಉಪಕರಣಗಳೇ ಇದ್ದವು.

ಹೌಸಿಂಗ್ ಬೆನಿಫಿಟ್ ಥರದ ಹಳೆಯ ನೆರವುಗಳ ಬದಲು ಬಂದಿರುವ ಯೂನಿವರ್ಸಲ್ ಕ್ರೆಡಿಟ್‌ಗೆ ಹೋಗುವವರಿಗೆ ಇದೊಂದು ಗೊತ್ತಿರಲಿ. ಅಲ್ಲೂ ಅದೇ ಶೇ. 14, ಶೇ. 25. ಹಳೆಯ ಕೌನ್ಸಿಲ್ ತೀರ್ಮಾನ ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ನಮಗೂ ಬದಲಾಯಿಸಿಕೊಳ್ಳಿ ಅಂತ ನೋಟಿಸು ಬಂತು, ಮೂರು ತಿಂಗಳ ಗಡುವು. ಅರ್ಜಿ ಹಾಕಿದೆವು. ಮೊದಲ ತಿಂಗಳ ಲೆಕ್ಕದಲ್ಲಿ ನೋಡಿದರೆ ಒಂದು ಬೆಡ್‌ರೂಮ್ ಹೆಚ್ಚುವರಿ ಅಂತ ಮತ್ತೆ ಶೇ. 14 ಕಡಿದಿದ್ದರು. ಅವತ್ತೇ ಆನ್‌ಲೈನ್ ಜರ್ನಲ್‌ನಲ್ಲಿ, ಅಂದರೆ ಅವರಿಗೆ ಸಂದೇಶ ಕಳಿಸುವ ಪುಟದಲ್ಲಿ, ಬರೆದೆ, ಹಳೆಯ ತೀರ್ಮಾನದ ಪ್ರತಿ, ಥೆರಪಿಸ್ಟ್ ಕಾಗದ, ಕಳೆದ ವಾರದ ಏಳು ರಾತ್ರಿಗಳು, ಎಲ್ಲ ಕೊಟ್ಟೆ. ಒಂದು ತಿಂಗಳ ಗಡುವು ಇಲ್ಲೂ ಇದೆ. ಮುಂದಿನ ತಿಂಗಳ ಲೆಕ್ಕದಲ್ಲಿ ಸರಿ ಮಾಡಿದ್ದರು, ಕಡಿದದ್ದನ್ನೂ ವಾಪಸ್ ಕೊಟ್ಟಿದ್ದರು.