ಖಾರದೂಟಕ್ಕೆ ಎಂಥ ಬಿಯರ್ ಒಪ್ಪುತ್ತದೆ

ಬೆಳಗಾವಿಯಿಂದ ವಿಜಯಪುರದವರೆಗೂ ಸಾವಜಿ ಮಟನ್ನಿನ ಜೊತೆಗೆ ಸ್ಟ್ರಾಂಗ್ ಬಿಯರ್ ತರಿಸುವವರು ಬಹಳ ಮಂದಿ ಇದ್ದಾರೆ; ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಹೊಂದದ ಜೋಡಿ ಮತ್ತೊಂದಿಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಕೆರಳಿಸುವ ನರಗಳನ್ನೇ ಮದ್ಯಸಾರವೂ ಕೆರಳಿಸುವುದರಿಂದ, ಅದರ ಪ್ರಮಾಣ ಏರಿದಷ್ಟೂ ಬಾಯಿಯ ಉರಿ ಏರುತ್ತದೆ. ಅದನ್ನು ತಣಿಸಲು ಬಿಯರ್ ಸಾಲದು, ಮೊಸರೇ ಬೇಕು.

ಸೀಸೆಯ ಮೇಲಿನ ‘ಮೈಲ್ಡ್’, ‘ಸ್ಟ್ರಾಂಗ್’ ಎಂಬ ಮಾತುಗಳು ಮದ್ಯಸಾರದ ಪ್ರಮಾಣವನ್ನಷ್ಟೇ ತಿಳಿಸುತ್ತವೆ, ಬಿಯರಿನ ಬಗೆಯನ್ನಲ್ಲ. ಬಗೆಯನ್ನು ಮೊದಲು ಬೇರ್ಪಡಿಸುವುದು ಯೀಸ್ಟ್. ಸುಮಾರು 8ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನವಾಗಿ ಹುದುಗಿದ್ದು ಲಾಗರ್. 15ರಿಂದ 24 ಡಿಗ್ರಿಯಲ್ಲಿ ಬೇಗ ಹುದುಗಿ ಹಣ್ಣಿನ ಪರಿಮಳ ಪಡೆಯುವುದು ಏಲ್. 1842ರಲ್ಲಿ ಬೊಹೆಮಿಯಾದ (ಇಂದಿನ ಜೆಕ್ ದೇಶದ ಭಾಗ) ಪಿಲ್ಸನ್ ಊರಿನಲ್ಲಿ ಹುಟ್ಟಿದ ಪಿಲ್ಸ್‌ನರ್ ಲಾಗರಿನ ಬಗೆಯಾದರೆ, ಗೋಧಿ ಬಿಯರ್, ಐಪಿಎ (ಇಂಡಿಯಾ ಪೇಲ್ ಏಲ್) ಮತ್ತು ಕಪ್ಪನೆಯ ಸ್ಟೌಟ್ ಏಲ್ ಮನೆತನಕ್ಕೆ ಸೇರಿದವು.

ಸಾವಜಿ ಊಟಕ್ಕೆ ಗೋಧಿ ಬಿಯರನ್ನೇ ಆರಿಸಿರಿ. ಜರ್ಮನ್ ಬಗೆಯದರಲ್ಲಿ ಯೀಸ್ಟ್‌ನಿಂದಲೇ ಬರುವ ಬಾಳೆಹಣ್ಣು ಮತ್ತು ಲವಂಗದ ಪರಿಮಳವು ಮಸಾಲೆಯ ಲವಂಗ, ದಾಲ್ಚಿನ್ನಿಗಳೊಡನೆ ಸೇರಿಕೊಳ್ಳುತ್ತದೆ. ಕಹಿ ಕಡಿಮೆಯಿರುವುದರಿಂದ ಖಾರವನ್ನು ಕೆದಕುವುದಿಲ್ಲ. ಸೀಸೆಯ ತಳದಲ್ಲಿ ನಿಂತ ಯೀಸ್ಟನ್ನು ಮೆಲ್ಲಗೆ ಅಲ್ಲಾಡಿಸಿ ಕೊನೆಗೆ ಸುರಿದುಕೊಂಡರೆ ರುಚಿ ಪೂರ್ತಿಯಾಗುತ್ತದೆ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಹೆಚ್ಚಾಗಿರುವ ಐಪಿಎಯ ಕಹಿ ಕೆಂಪು ಖಾರದ ಮುಂದೆ ಒರಟೆನಿಸುವುದರಿಂದ ಅದನ್ನು ಈ ಊಟದಿಂದ ದೂರವಿಡುವುದು ಮೇಲು.

ಮಿರ್ಚಿ ಭಜಿಗೆ ತಣ್ಣನೆಯ ತೆಳು ಲಾಗರ್ ಸಾಕು, ಅದರ ನೊರೆಗುಳ್ಳೆಗಳು ನಾಲಿಗೆಯ ಮೇಲಿನ ಎಣ್ಣೆಯನ್ನು ಕಳೆಯುತ್ತವೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಮತ್ತು ಶೇಂಗಾ ಹಿಂಡಿಯ ಊಟದಲ್ಲಿ ಶೇಂಗಾ ಎಳ್ಳಿನ ಹುರಿದ ರುಚಿಯೇ ಮುಂದಾಗಿರುವುದರಿಂದ, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಸುವಾಸನೆಯುಳ್ಳ ಕೆಂಬಣ್ಣದ ಲಾಗರ್ ಸಿಕ್ಕರೆ ಬಿಡಬೇಡಿ.

ಸಿಹಿಯೊಡನೆ ಬಿಯರ್ ಎಂದರೆ ಹಿರಿಯರು ಹುಬ್ಬೇರಿಸಬಹುದು. ಆದರೂ ಬೆಳಗಾವಿಯ ಕುಂದಾದಲ್ಲಿ ಬತ್ತಿಸಿ ಕೆಂಪಾಗಿಸಿದ ಹಾಲಿನ ರುಚಿಗೂ, ಕಪ್ಪಾಗುವಂತೆ ಹುರಿದ ಬಾರ್ಲಿಯಿಂದ ಸ್ಟೌಟ್ ಪಡೆಯುವ ಕಾಫಿಯಂಥ ಕಹಿಗೂ ಒಳ್ಳೆಯ ಹೊಂದಾಣಿಕೆಯಿದೆ. ಅಮೀನಗಡದ ಕರದಂಟಿನ ಬೆಲ್ಲಕ್ಕೂ ಅದೇ ಒಪ್ಪುತ್ತದೆ. ಸ್ಟೌಟನ್ನು ಮಾತ್ರ ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯದೆ 10 ಡಿಗ್ರಿಯ ಆಸುಪಾಸಿಗೆ ಬರಲು ಬಿಡಬೇಕು. ಅತಿ ತಂಪಿನಲ್ಲಿ ಅದರ ಪರಿಮಳ ಮೇಲೇಳುವುದಿಲ್ಲ.