ಕಿವಿಗೆ ಸರ್ಪಸುತ್ತು ಬಂದಾಗ ಶ್ರವಣಶಕ್ತಿಯನ್ನು ಕಾಪಾಡಿಕೊಳ್ಳುವ ಬಗೆ

ಸರ್ಪಸುತ್ತು ಎಂದೊಡನೆ ನೆನಪಾಗುವುದು ಸೊಂಟದ ಅಥವಾ ಎದೆಯ ಒಂದು ಪಕ್ಕವನ್ನು ಬಳಸಿ ಏಳುವ ಗುಳ್ಳೆಗಳ ಸಾಲು. ಅದರ ತಲೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಎಂಬ ಹಳೆಯ ಭಯವೂ ಆ ಆಕಾರದಿಂದಲೇ ಹುಟ್ಟಿದ್ದು. ಕಿವಿಯಲ್ಲಿ ಅದಕ್ಕೆ ಸುತ್ತಲು ಜಾಗವಿಲ್ಲ. ಕಿವಿಯ ಬಟ್ಟಲಿನಲ್ಲೋ ರಂಧ್ರದ ಬಾಯಲ್ಲೋ ಕೆಲವೇ ಗುಳ್ಳೆಗಳು ಏಳುತ್ತವೆ, ಒಳಗೆ ಇರಿದಂತಹ ನೋವಿರುತ್ತದೆ. ಇದನ್ನು ಸಾಮಾನ್ಯ ಕಿವಿನೋವೆಂದು ಭಾವಿಸಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ದಿನ ದೂಡುವುದು, ಗುಳ್ಳೆಗೆ ಕೆಮ್ಮಣ್ಣು ಬಳಿದು ಕಾಯುವುದು, ಎರಡೂ ಅಮೂಲ್ಯವಾದ ಸಮಯವನ್ನು ತಿನ್ನುತ್ತವೆ.

ಚಿಕನ್‌ಪಾಕ್ಸ್ ಗುಣವಾದ ಮೇಲೂ ಅದರ ವೈರಾಣು ನರಗಂಟುಗಳಲ್ಲಿ ಅಡಗಿರುತ್ತದೆ; ಅದು ಮತ್ತೆ ಎದ್ದಾಗ ಬರುವುದೇ ಸರ್ಪಸುತ್ತು. ಮುಖದ ಸ್ನಾಯುಗಳನ್ನು ಆಳುವ ಏಳನೆಯ ನರದ ಗಂಟಿನಲ್ಲಿ ಅದು ಮತ್ತೆ ಎಚ್ಚೆತ್ತರೆ ಕಿವಿಯಲ್ಲಿ ಗುಳ್ಳೆ ಏಳುತ್ತದೆ, ಆ ಪಕ್ಕದ ಮುಖ ಸೋಲುತ್ತದೆ. ಶ್ರವಣವನ್ನೂ ಸಮತೋಲವನ್ನೂ ಮಿದುಳಿಗೆ ಮುಟ್ಟಿಸುವ ಎಂಟನೆಯ ನರವು ಇದೇ ನರದೊಡನೆ ಒಂದೇ ಇಕ್ಕಟ್ಟಾದ ಮೂಳೆಯ ಕಾಲುವೆಯಲ್ಲಿ ಹಾದುಹೋಗುವುದರಿಂದ, ಉರಿಯೂತ ನೆರೆಮನೆಗೂ ಹಬ್ಬಿ ಕಿವಿ ಮಂದವಾಗುವುದು, ಗುಂಯ್‌ಗುಡುವುದು, ತಲೆ ಸುತ್ತುವುದು ಉಂಟು. 1907ರಲ್ಲಿ ಇದನ್ನು ವಿವರಿಸಿದ ಅಮೆರಿಕದ ನರವೈದ್ಯರ ನೆನಪಿಗೆ ಇದನ್ನು ರಾಮ್ಸೆ ಹಂಟ್ ಸಿಂಡ್ರೋಮ್ ಎನ್ನುತ್ತಾರೆ. 2022ರಲ್ಲಿ ಗಾಯಕ ಜಸ್ಟಿನ್ ಬೀಬರ್ ಮುಖದ ಅರ್ಧ ಭಾಗ ಅಲುಗದಾದಾಗ ಹೇಳಿದ್ದು ಈ ಹೆಸರನ್ನೇ.

ಅನುಮಾನ ಬಂದೊಡನೆ ಕನ್ನಡಿಯ ಮುಂದೆ ನಿಂತು ಹುಬ್ಬೇರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ ನೋಡಬೇಕು. ಈ ಕಾಯಿಲೆಯಲ್ಲಿ ಸೋತ ಪಕ್ಕದ ಹಣೆಯೂ ಸುಕ್ಕಾಗುವುದಿಲ್ಲ. ಹಣೆ ಸರಿಯಿದ್ದು ಬಾಯಿ ಮಾತ್ರ ಸೊಟ್ಟಗಾದರೆ, ಅಥವಾ ಮಾತು ತೊದಲಿ ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಮನೆಯಲ್ಲಿ ತರ್ಕಿಸದೆ ತುರ್ತು ಚಿಕಿತ್ಸೆಗೆ ಹೊರಡಬೇಕು. ಆ ಲಕ್ಷಣಗಳಿಲ್ಲದಿದ್ದರೆ ಫೋನನ್ನು ಒಂದೊಂದು ಕಿವಿಗೂ ಹಿಡಿದು ಹೋಲಿಸಬೇಕು, ಬಾಯಿ ಮುಚ್ಚಿ ‘ಹ್ಞೂಂ’ ಎಂದು ಗುನುಗಬೇಕು. ಗುನುಗು ಚೆನ್ನಾಗಿರುವ ಕಿವಿಯಲ್ಲೇ ಜೋರಾಗಿ ಕೇಳಿದರೆ ನರಕ್ಕೆ ಪೆಟ್ಟಾಗಿರುವ ಸಂಭವ ಹೆಚ್ಚು. ನೋಯುವ ಕಿವಿಯಲ್ಲಿ ಜೋರಾದರೆ ರಂಧ್ರ ಊದಿ ಕಟ್ಟಿಕೊಂಡಿರಬಹುದು. ಇದು ಬರಿಯ ಸುಳಿವು, ಯಂತ್ರದಿಂದ ಶ್ರವಣವನ್ನು ಅಳೆಯುವ ಆಡಿಯೋಮೆಟ್ರಿ ಪರೀಕ್ಷೆಗೆ ಬದಲಿಯಲ್ಲ. ಕೆಲವರಿಗೆ ಕಿವಿ ಮಂದವಾಗುವುದಕ್ಕೆ ವಿರುದ್ಧವಾಗಿ ಪಾತ್ರೆಯ ಸದ್ದೂ ಸಹಿಸಲಾಗದು, ಏಕೆಂದರೆ ಜೋರು ಶಬ್ದವನ್ನು ತಗ್ಗಿಸುವ ಪುಟ್ಟ ಸ್ನಾಯುವನ್ನೂ ಆಳುವುದು ಏಳನೆಯ ನರವೇ.

ಲಕ್ಷಣ ಕಂಡ 72 ಗಂಟೆಗಳೊಳಗೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗುವುದೇ ಇಲ್ಲಿ ಮುಖ್ಯವಾದ ಕೆಲಸ. ವೈರಾಣುವನ್ನು ತಡೆಯುವ ಅಸೈಕ್ಲೋವಿರ್ ಅಥವಾ ವ್ಯಾಲಸೈಕ್ಲೋವಿರ್ ಮಾತ್ರೆಯೊಂದಿಗೆ ಸಾಮಾನ್ಯವಾಗಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಡುತ್ತಾರೆ; ಅವಧಿ ಮೀರಿದ್ದರೂ ಹೋಗದೆ ಉಳಿಯಬಾರದು. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರೆಯ ಪ್ರಮಾಣವನ್ನು ಇಳಿಸಬೇಕಾಗುತ್ತದೆ, ಮಧುಮೇಹಿಗಳಲ್ಲಿ ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ. ಎರಡನ್ನೂ ವೈದ್ಯರು ಕೇಳುವ ಮುಂಚೆಯೇ ಹೇಳಿಬಿಡಬೇಕು. ಕಣ್ಣು ಪೂರ್ತಿ ಮುಚ್ಚದಿದ್ದರೆ ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ಟೇಪ್ ಹಾಕುವುದು ಕಡ್ಡಾಯ. ತಲೆ ಸುತ್ತು ನಿಲ್ಲುವವರೆಗೆ ವಾಹನ ಓಡಿಸಬಾರದು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ, ಚಿಕನ್‌ಪಾಕ್ಸ್ ಬಾರದ ಗರ್ಭಿಣಿಯರಿಂದಲೂ ಎಳೆಗೂಸುಗಳಿಂದಲೂ ದೂರವಿರಬೇಕು.

ಅನೇಕರಲ್ಲಿ ಶ್ರವಣ ಭಾಗಶಃ ಅಥವಾ ಪೂರ್ತಿ ಮರಳುತ್ತದೆ, ಕೆಲವರಲ್ಲಿ ತೀಕ್ಷ್ಣ ಸ್ವರಗಳ ನಷ್ಟ ಉಳಿದು ಶ್ರವಣಸಾಧನ ಬೇಕಾಗುತ್ತದೆ. ಆದ್ದರಿಂದ ಮೊದಲ ಶ್ರವಣ ಪರೀಕ್ಷೆಯ ಫಲಿತಾಂಶವಾದ ಆಡಿಯೋಗ್ರಾಮ್‌ನ ಹಾಳೆಯನ್ನು ಜೋಪಾನವಾಗಿಡಬೇಕು. ಚಿಕಿತ್ಸೆ ಮುಗಿದ ಮೇಲೆ ಮಾಡಿಸುವ ಪರೀಕ್ಷೆಯನ್ನು ಹೋಲಿಸುವುದು ಅದರೊಂದಿಗೇ.